ಹೂಂ ಕಾಶವ್ವ ಮತ್ತು ಮುನ್ಸಿಪಾಲ್ಟಿಯ ಕೊಂಡವಾಡ

ಬಹಳ ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನಿಗೂ ಇನ್ನೂ ಮೀಸೆ ಮೂಡದಿದ್ದ ಕಾಲದಲ್ಲಿ, ಒಂದು ಊರಿತ್ತಂತೆ. ಊರಿನ ಹೆಸರು ಕೇಳಬೇಡಿ. ಹೇಳಿದರೆ ಆ ಊರಿನವರು ನಮ್ಮ ಮಾನ ಕಳೆದೆ ಅಂತ ಜಗಳಕ್ಕೆ ಬರುತ್ತಾರೆ. ಹೇಳದೆ ಬಿಟ್ಟರೆ, ಅದು ನಮ್ಮದೇ ಊರು ಅಂತ ಸುತ್ತಲಿನ ಊರಿನವರೆಲ್ಲ ಜಗಳಕ್ಕೆ ಬರುತ್ತಾರೆ. ನನಗೆ ಈ ಎರಡನೆಯ ಜಗಳವೇ ಇಷ್ಟ, ಅದಕ್ಕೆ ಹೇಳುವುದಿಲ್ಲ.

ಆ ಊರಿನಲ್ಲಿ ಮಗ್ಗದ ಓಣಿ ಅಂತ ಒಂದು ಓಣಿ ಇತ್ತು. ಮನೆಮನೆಯಲ್ಲೂ ಮಗ್ಗ, ಮನೆಮನೆಯಲ್ಲೂ ಸೀರೆ ನೇಯುವವರು. ಬೆಳಗಾದರೆ ಸಾಕು, ಬೀದಿಯ ಈ ತುದಿಯಿಂದ ಆ ತುದಿಗೆ ನೂಲು ಎಳೆದು ಕಟ್ಟುವರು, ಗಂಜಿ ಹಚ್ಚುವರು, ಬಿಸಿಲಿಗೆ ಒಣಗಿಸುವರು. ಅದಕ್ಕೆ ಹಾಸು ಅನ್ನುತ್ತಾರೆ. ಬೀದಿಯಲ್ಲಿ ಹಾಸು ಕಟ್ಟಿದಾಗ ಆ ಓಣಿಯ ನಾಯಿ ಕೂಡ ಗೋಡೆ ಹಿಡಿದು ನಡೆಯುತ್ತಿತ್ತಂತೆ. ದೀಪಾವಳಿಗೆ ಬಂದ ಹೊಸ ಅಳಿಯನೂ ಸುತ್ತು ಹಾಕಿ ಹಿತ್ತಲಿನ ಬಾಗಿಲಿನಿಂದಲೇ ಮನೆ ಸೇರಬೇಕು. ಅಲ್ಲಿ ಬೀದಿ ಅಂದರೆ ನಡೆಯುವ ಜಾಗ ಅಲ್ಲ, ಅರ್ಧ ಸೀರೆ ಹುಟ್ಟುವ ಜಾಗ.

ಆ ಓಣಿಯಲ್ಲಿ ಇದ್ದಳಂತೆ ಕಾಶವ್ವ. ಹೂಂ ಕಾಶವ್ವ ಅಂತಲೇ ಅವಳ ಹೆಸರು. ನೋಡಲು ಏನೂ ಅಲ್ಲ, ಕುಳ್ಳಗಿನ ಹೆಂಗಸು, ಹಣೆ ತುಂಬ ವಿಭೂತಿ, ಕಾಲ ಕಳೆದಂತೆ ಒಂದೊಂದೇ ಹಲ್ಲು ಕಳಚಿಕೊಂಡ ಬಾಯಿ. ಆದರೆ ಆ ಬಾಯಿಂದ ಒಂದು ಹೂಂ ಬಂತು ಅಂದರೆ, ಕಥೆ ಹೇಳುವವನಿಗೆ ಎದೆ ಉಬ್ಬುತ್ತಿತ್ತಂತೆ.

ಈಗಿನವರಿಗೆ ಇದು ತಿಳಿಯಲಿಕ್ಕಿಲ್ಲ, ಹೇಳುತ್ತೇನೆ. ಆಗಿನ ಕಾಲದಲ್ಲಿ ಕಥೆ ಹೇಳುವಾಗ ಯಾರಾದರೂ ಹೂಂಗುಟ್ಟಲೇಬೇಕು. ಹೂಂ ಅನ್ನುವವರಿಲ್ಲದೆ ಹೇಳಿದ ಕಥೆ ದಾರಿ ತಪ್ಪಿ ತಿರುಗಿ ಬಂದು ಹೇಳಿದವನ ಹೊಟ್ಟೆಯನ್ನೇ ಸೇರಿ ಉಬ್ಬರಿಸುತ್ತದೆ ಅಂತ ಆ ಊರಿನವರ ನಂಬಿಕೆ. ಹಾಗಾಗಿ ಕಥೆ ಬಲ್ಲವನಿಗಿಂತ ಹೂಂ ಬಲ್ಲವರಿಗೇ ಅಲ್ಲಿ ಹೆಚ್ಚು ಮರ್ಯಾದೆ. ಕಾಶವ್ವನ ಹೂಂ ಒಂದೇ ತರಹದ್ದಲ್ಲ. ಗಿಡ್ಡ ಹೂಂ ಅಂದರೆ ‘ಹೇಳು’. ಎಳೆದ ಹೂಂ ಅಂದರೆ ‘ಅಯ್ಯೋ ಪಾಪ’. ಮೂಗಿನಿಂದ ಬಂದ ಹೂಂ ಅಂದರೆ ‘ಸುಳ್ಳು ಅಂತ ಗೊತ್ತು, ಆದರೂ ಹೇಳು’. ಮೂರನ್ನೂ ಒಂದಾದ ಮೇಲೊಂದು ಬಿಟ್ಟಳು ಅಂದರೆ ಎಂಥ ಮೊಂಡನೂ ಹೊಟ್ಟೆಯೊಳಗಿನದನ್ನೆಲ್ಲ ಹೊರಗೆ ಹಾಕುತ್ತಿದ್ದನಂತೆ.

ಒಮ್ಮೆ ಒಬ್ಬ ಕಳ್ಳ ಹಾಡಹಗಲೇ ಅವಳ ಮನೆ ಹೊಕ್ಕನಂತೆ. ಕಾಶವ್ವ ರಾಟೆ ತಿರುಗಿಸುತ್ತ ಕೂತವಳು ತಲೆ ಎತ್ತಲಿಲ್ಲ, ಸುಮ್ಮನೆ ಹೂಂ ಅಂದಳಂತೆ. ಕಳ್ಳ ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಹುಟ್ಟಿದಂದಿನಿಂದ ತನಗೆ ಆದದ್ದನ್ನೆಲ್ಲ ಹೇಳಿದ, ಅತ್ತ, ರೊಟ್ಟಿ ಪುಂಡಿಪಲ್ಯ ತಿಂದ, ಮತ್ತೆ ಅತ್ತ. ಹೋಗುವಾಗ ಬೇರೆ ಯಾರದೋ ಮನೆಯಿಂದ ಕದ್ದು ತಂದ ತಂಬಿಗೆಯನ್ನು ಇವಳ ಮನೆಯಲ್ಲೇ ಮರೆತು ಹೋದನಂತೆ. ಆ ತಂಬಿಗೆ ಈಗಲೂ ಆ ಓಣಿಯಲ್ಲಿದೆ. ಯಾರ ಮನೆಯಲ್ಲಿ ಅಂತ ಕೇಳಿದರೆ ಎಲ್ಲರೂ ನಮ್ಮ ಮನೆಯಲ್ಲೇ ಅನ್ನುತ್ತಾರೆ.

ಹಾಲು ಕೊಡದ ಎಮ್ಮೆ ಅವಳ ಹೂಂ ಕೇಳಿ ಸೊರ ಬಿಟ್ಟು ಹಾಲು ಕೊಟ್ಟಿತು ಅಂತಲೂ ಹೇಳುತ್ತಾರೆ. ಅದನ್ನು ನಾನು ನಂಬುವುದಿಲ್ಲ. ಎಮ್ಮೆಗೂ ಕಾಶವ್ವನಿಗೂ ಆಗುತ್ತಿರಲಿಲ್ಲ. ಯಾಕೆ ಆಗುತ್ತಿರಲಿಲ್ಲ ಅನ್ನುವುದೇ ಈ ಕಥೆ.

ಕಾಶವ್ವ ಹೂಂ ಅಂದರೆ ಓಣಿಯೂ ಹೂಂ ಅನ್ನುತ್ತಿತ್ತು. ಅದು ಯಾರೂ ಕಲಿಸಿದ್ದಲ್ಲ, ಆಕಳಿಕೆ ಒಬ್ಬರಿಂದ ಒಬ್ಬರಿಗೆ ಹರಡುತ್ತದಲ್ಲ, ಹಾಗೆ. ಸಂಜೆ ಕಟ್ಟೆಯ ಮೇಲೆ ಯಾರಾದರೂ ಕಥೆ ತೆಗೆದರೆ ಮೊದಲು ಕಾಶವ್ವನ ಹೂಂ, ಅದರ ಬೆನ್ನಿಗೆ ನೂರು ಬಾಯಿಯ ಹೂಂ. ಅದರಿಂದ ಯಾರಿಗೂ ಯಾವ ತೊಂದರೆಯೂ ಇರಲಿಲ್ಲ, ಆ ಊರಿಗೆ ಮುನ್ಸಿಪಾಲ್ಟಿ ಬರುವವರೆಗೆ.

ಮುನ್ಸಿಪಾಲ್ಟಿ ಬಂತು. ಅದರ ಜೊತೆಗೆ ಒಂದು ಹೆಂಚಿನ ಕಟ್ಟಡ ಬಂತು, ಒಂದು ಗಂಟೆ ಬಂತು, ಶ್ಯಾಮರಾಯ ಅನ್ನುವ ಕಾರಕೂನ ಬಂದ. ಅಧ್ಯಕ್ಷರಾಗಿ ಗುರುಪಾದಪ್ಪ ಸಾವಕಾರ ಕೂತ. ಗುರುಪಾದಪ್ಪ ಕೆಟ್ಟವನಲ್ಲ. ಅವನಿಗೆ ಇದ್ದದ್ದು ಒಂದೇ ಕೊರಗು, ಮನೆಯಲ್ಲಿ ಅವನ ಮಾತು ಯಾರೂ ಕೇಳುತ್ತಿರಲಿಲ್ಲ. ಹೆಂಡತಿ ಕೇಳುತ್ತಿರಲಿಲ್ಲ, ಮಕ್ಕಳು ಕೇಳುತ್ತಿರಲಿಲ್ಲ, ಮನೆಯಲ್ಲೇ ಬೀಡುಬಿಟ್ಟಿದ್ದ ಹೆಂಡತಿಯ ತಮ್ಮನಂತೂ ಕೇಳುತ್ತಲೇ ಇರಲಿಲ್ಲ. ಹೀಗಾಗಿ ಮಾತನಾಡಲು ಒಂದು ಸಭೆ ಸಿಕ್ಕಿದ್ದೇ ಅವನಿಗೆ ಮರುಹುಟ್ಟು ಬಂದಂತಾಯಿತಂತೆ.

ಊರಿನವರೆಲ್ಲ ಬರಬೇಕು, ತಮ್ಮ ತಮ್ಮ ಅಹವಾಲು ಹೇಳಬೇಕು ಅಂತ ಡಂಗುರ ಸಾರಿಸಿದರು. ಊರಿನವರು ತಯಾರಾಗಿ ಹೋದರು. ಗಟಾರ ತುಂಬಿದೆ ಅನ್ನುವವರು, ಕಂದೀಲಿನ ಕಂಬಕ್ಕೆ ಎಣ್ಣೆ ಹಾಕುವುದಿಲ್ಲ ಅನ್ನುವವರು, ಪಕ್ಕದ ಮನೆಯವನ ಮಾಳಿಗೆ ನೀರು ನಮ್ಮ ಒಲೆಗೆ ಬೀಳುತ್ತದೆ ಅನ್ನುವವರು, ಎಲ್ಲರೂ ದಾರಿಯುದ್ದ ತಮ್ಮ ಮಾತು ತಾವೇ ಒಪ್ಪಿಸಿಕೊಳ್ಳುತ್ತ ಹೋದರು. ಕಾಶವ್ವನೂ ಹೋದಳು. ಅವಳಿಗೆ ಹೇಳುವಂಥದ್ದೇನೂ ಇರಲಿಲ್ಲ. ಎಲ್ಲಿ ಮಾತಿದೆಯೋ ಅಲ್ಲಿ ಕಾಶವ್ವ, ಅಷ್ಟೆ. ಹೋಗಿ ಜಮಖಾನದ ಮೇಲೆ ಎಲ್ಲರಿಗಿಂತ ಮುಂದೆ ಕೂತಳು.

ಗುರುಪಾದಪ್ಪ ಎದ್ದ. ನೇರ ವಿಷಯಕ್ಕೆ ಬರುವ ಗಂಡಸಲ್ಲ ಅವನು. ನಮ್ಮ ಊರು ಹುಟ್ಟುವುದಕ್ಕೆ ಮುಂಚೆ ಇಲ್ಲಿ ಬರೀ ಬೋರೆ ಗಿಡ ಇದ್ದವು ಅಂತ ಶುರು ಮಾಡಿದ. ಆ ಬೋರೆ ಗಿಡದ ಕೆಳಗೆ ಒಂದು ಹುಲಿ ಇತ್ತು ಅಂದ. ಹುಲಿ ಅಂದದ್ದೇ ತಡ, ಕಾಶವ್ವನ ಬಾಯಿಂದ ಗಿಡ್ಡದೊಂದು ಹೂಂ ಹೊರಬಿತ್ತು. ಅದರ ಬೆನ್ನಿಗೆ ಇಡೀ ಸಭೆ ಹೂಂ ಅಂತು.

ಗುರುಪಾದಪ್ಪ ಒಂದು ಗಳಿಗೆ ಬೆಚ್ಚಿದ. ಅವನ ಜೀವಮಾನದಲ್ಲಿ ಅವನ ಮಾತಿಗೆ ಯಾರೂ ಹೂಂ ಅಂದಿರಲಿಲ್ಲ. ಕಣ್ಣಲ್ಲಿ ನೀರು ಬಂತಂತೆ. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಹುಲಿ ಹೋಯಿತು, ರಾಜ ಬಂದ, ರಾಜ ಹೋದ, ಗಟಾರ ಬಂತು. ಗಟಾರದ ತೆರಿಗೆ ಜಾಸ್ತಿ ಮಾಡೋಣ ಅಂದ. ಹೂಂ. ಕಂದೀಲು ಹುಣ್ಣಿಮೆ ಹಿಂದುಮುಂದು ಹಚ್ಚುವುದು ಬೇಡ ಅಂದ. ಹೂಂ. ಸಂತೆ ಪೇಟೆಯಲ್ಲಿ ಬಿಡಾಡಿ ದನ ಕೂಡಿ ಹಾಕುವ ಕೊಂಡವಾಡ ಇದೆಯಲ್ಲ, ಅದನ್ನು ಅಲ್ಲಿಂದ ಎಬ್ಬಿಸಿ ಮಗ್ಗದ ಓಣಿಯ ಕೊನೆಗೆ ಹಾಕೋಣ ಅಂದ.

ಕಾಶವ್ವ ಕಣ್ಣು ಮುಚ್ಚಿಕೊಂಡು ಎಳೆದ ಹೂಂ ಅಂದಳು. ಮಗ್ಗದ ಓಣಿಗೆ ಮಗ್ಗದ ಓಣಿಯೇ ಹೂಂ ಅಂತು.

ಶ್ಯಾಮರಾಯ ಹೂಂ ಕೇಳಿದಲ್ಲೆಲ್ಲ ‘ಸರ್ವರ ಒಪ್ಪಿಗೆ’ ಅಂತ ಬರೆದುಕೊಂಡ. ಜನ ಎದ್ದು ಮೈ ಮುರಿದರು. ಎಂಥ ಚಂದ ಹೇಳಿದ ಸಾವಕಾರ, ಆ ಹುಲಿಯ ಭಾಗವಂತೂ ಏನು ಕೇಳುತ್ತೀರಿ ಅಂತ ಮಾತಾಡಿಕೊಳ್ಳುತ್ತ ಮನೆಗೆ ಹೋದರು. ಒಬ್ಬರಾದರೂ ಅಹವಾಲು ಹೇಳಿರಲಿಲ್ಲ. ಹೇಳಬೇಕಿತ್ತು ಅನ್ನುವುದು ಕೂಡ ಉಂಡು ಕೈ ತೊಳೆದ ಮೇಲೆ ನೆನಪಾಯಿತಂತೆ.

ಸಂತೆ ಕಳೆದ ಮರುದಿನ ಡಂಗುರದವನು ಮಗ್ಗದ ಓಣಿಗೆ ಬಂದ. ಈ ಓಣಿಯ ಹಿರಿಯರು ಕಿರಿಯರು ಎಲ್ಲರೂ ಬಾಯಿ ತುಂಬ ಒಪ್ಪಿದ ಪ್ರಕಾರ ಕೊಂಡವಾಡ ಇಲ್ಲಿಗೆ ಬರುತ್ತದೆ, ಮುಂದಿನ ಸಭೆಯಲ್ಲಿ ಠರಾವು ಓದಿ ಖಾಯಂ ಮಾಡಿದ ಕೂಡಲೇ ಗೋಡೆ ಏಳುತ್ತದೆ ಅಂತ ಸಾರಿದ. ಓಣಿಯವರು ನಾವು ಯಾವಾಗ ಒಪ್ಪಿದೆವು ಅಂತ ಅವನ ಮೇಲೇ ಬಿದ್ದರು. ಡಂಗುರದವನು ಅವರನ್ನೇ ನೋಡಿ ಹೇಳಿದನಂತೆ, “ಹೂಂ ಅಂದಿರಲ್ರೀ. ನಾನೂ ಅಲ್ಲೇ ಕುಂತಿದ್ದೆ. ನಾನೂ ಅಂದೆ.”

ಆಗ ಎಲ್ಲರೂ ಕಾಶವ್ವನ ಮನೆಯ ಕಡೆ ತಿರುಗಿ ನೋಡಿದರು.

ಯಾರೂ ಬಾಯಿ ಬಿಟ್ಟು ಬೈಯಲಿಲ್ಲ. ಆ ಕೆಲಸ ಅವಳ ಸೊಸೆ ಬನವ್ವ ಮಾಡಿದಳು. ಬನವ್ವನ ನಾಲಿಗೆ ಅಂದರೆ ನಾಲಿಗೆ. “ಏನ್ರಿ ಅತ್ತ್ಯಾರ, ಊರ ಕಥಿಗೆಲ್ಲಾ ಹೂಂ ಅಂದ್ರಿ, ಖರೇ. ನಮ್ಮನಿ ಮುರಿಯೂ ಕಥಿಗೂ ಹೂಂ ಅನಬೇಕೇನ್ರಿ?” ಅಂದಳಂತೆ. ಕಾಶವ್ವ ಅಭ್ಯಾಸದ ಮೇಲೆ ಹೂಂ ಅನ್ನಲು ಬಾಯಿ ತೆರೆದವಳು ಸೆರಗು ಕಚ್ಚಿಕೊಂಡಳು.

ಗೋಡೆ ಏಳುವುದಕ್ಕೆ ಮೊದಲೇ ಎಮ್ಮೆ ಬಂತು. ದಾರಿ ಹೇಗಿದೆ ನೋಡೋಣ ಅಂತ ಮುನ್ಸಿಪಾಲ್ಟಿ ಜವಾನ ಒಂದು ಬಿಡಾಡಿ ಎಮ್ಮೆಯನ್ನು ಹಿಡಿದುಕೊಂಡು ಓಣಿಯೊಳಗೆ ಬಂದ. ಬೆಳಗಿನ ಹೊತ್ತು. ಕಾಶವ್ವನ ಮಗ ಈರಪ್ಪ ಆಗಷ್ಟೇ ಹಾಸು ಕಟ್ಟಿ, ಗಂಜಿ ಹಚ್ಚಿ, ಬೆನ್ನು ನೆಟ್ಟಗೆ ಮಾಡುತ್ತ ನಿಂತಿದ್ದ. ಕೆಂಪು ನೂಲು, ಮದುವೆ ಸೀರೆಯದು. ಎಮ್ಮೆ ಈರಪ್ಪನನ್ನು ನೋಡಿತು, ನೂಲನ್ನು ನೋಡಿತು, ನೂಲಿನೊಳಗೇ ನಡೆಯಿತು. ಓಣಿಯವರೆಲ್ಲ ಹೋ ಅಂದದ್ದಕ್ಕೆ ಬೆದರಿ ಓಡಿತು. ಕೊಂಬಿಗೆ ಕೆಂಪು ನೂಲು ಸುತ್ತಿಕೊಂಡು, ಬೆನ್ನ ಮೇಲೆ ಗಂಜಿ ಬಳಿದುಕೊಂಡು, ಮದುಮಗಳ ಹಾಗೆ ಇಡೀ ಊರು ಸುತ್ತಿತಂತೆ. ಪೇಟೆಯವರು ನಕ್ಕರು. ಹೇಳುವಾಗ ನನಗೂ ನಗು ಬರುತ್ತದೆ, ಯಾಕೆ ಸುಳ್ಳು ಹೇಳಲಿ. ಆದರೆ ಈರಪ್ಪ ನಗಲಿಲ್ಲ. ಆ ಮದುವೆ ಸೀರೆ ಅಷ್ಟರಲ್ಲೇ ಮುಗಿಯಿತು.

ಅವನು ಕಟ್ಟೆಯ ಮೇಲೆ ಕೂತು ಸಿಕ್ಕಾದ ನೂಲು ಬಿಡಿಸುತ್ತಿದ್ದ. ಕಾಶವ್ವ ಹತ್ತಿರ ಹೋಗಿ ಕೂತಳು. ಮಗ ಬೈದಿದ್ದರೆ ಅವಳು ಹೂಂ ಅಂತ ಕೇಳಿಸಿಕೊಳ್ಳುತ್ತಿದ್ದಳು, ಅದು ಅವಳಿಗೆ ಬರುತ್ತಿದ್ದ ವಿದ್ಯೆ. ಅವನು ಬೈಯಲಿಲ್ಲ. ಬಾಯಿ ಬಿಡಲೂ ಇಲ್ಲ. ಚಿಕ್ಕಂದಿನಿಂದ ಎಲ್ಲವನ್ನೂ ಅವ್ವನ ಮುಂದೆ ಹೇಳುತ್ತಿದ್ದ ಮಗ ಅವತ್ತು ಏನೂ ಹೇಳಲಿಲ್ಲ. ಕಾಶವ್ವನಿಗೆ ಅದನ್ನು ತಾಳಿಕೊಳ್ಳಲು ಆಗಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಸೆರಗು ಮುಖಕ್ಕೆ ಒತ್ತಿ ಅತ್ತಳಂತೆ. ಅವತ್ತಿನಿಂದ ಅವಳು ಹೂಂ ಅನ್ನುವುದನ್ನು ಬಿಟ್ಟಳು.

ಕಾಶವ್ವ ಹೂಂ ಬಿಟ್ಟ ಮೇಲೆ ಓಣಿಯಲ್ಲಿ ಕಥೆಗಳು ಅರ್ಧಕ್ಕೇ ನಿಲ್ಲತೊಡಗಿದವು. ಹಿರಿಯರಿಗೆ ಹೊಟ್ಟೆ ಉಬ್ಬರ ಶುರುವಾಯಿತು ಅಂತಲೂ ಹೇಳುತ್ತಾರೆ. ಆದರೆ ಅದನ್ನು ವಿಚಾರಿಸುವ ಪುರಸೊತ್ತು ಯಾರಿಗೂ ಇರಲಿಲ್ಲ. ಓಣಿಯ ಗಂಡಸರು ಅಧ್ಯಕ್ಷರನ್ನು ಕಂಡು ಬರಲು ಹೋಗಿದ್ದರು.

ಗುರುಪಾದಪ್ಪ ಅವರನ್ನು ಪ್ರೀತಿಯಿಂದಲೇ ಕೂರಿಸಿದ. ಅವರು ಊಹೂಂ, ನಮಗೆ ಕೊಂಡವಾಡ ಬೇಡ ಅಂದರು. ಗುರುಪಾದಪ್ಪ ನಕ್ಕ. ಅವತ್ತಿನ ಸಭೆಯಲ್ಲೂ ಹಿಂದೆ ಕೂತವರು ಯಾರೋ ಒಬ್ಬಿಬ್ಬರು ಊಹೂಂ ಅಂದಿದ್ದರಂತೆ. ಹೇಗೆ ಬರೆಯಲಿ ಅಂತ ಶ್ಯಾಮರಾಯ ಕೇಳಿದ್ದನಂತೆ. “ನಾನು ಅದಕ್ಕ ಒಂದು ನೇಮಾ ಮಾಡೇನಿ. ಊ ಅಂದ್ರ ಗಂಟಲಾ ಸರಿ ಮಾಡ್ಕೊಳ್ಳೂದು. ಹೂಂ ಅಂದ್ರ ಒಪ್ಪಿಗಿ. ಹೌದಲ್ಲೋ?” ಅಂದ ಗುರುಪಾದಪ್ಪ. ಆ ಹೌದಲ್ಲೋ ಅನ್ನುವ ರಾಗ ಎಂಥದ್ದು ಅಂದರೆ, ಬಂದವರೆಲ್ಲ ಹೂಂ ಅಂದುಬಿಟ್ಟರು. ಅಂದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೇಳುವುದಿದ್ದರೆ ಸಭೆಯಲ್ಲೇ ಹೇಳಿ, ಸಭೆಯ ಹೊರಗೆ ಆಡಿದ್ದು ಲೆಕ್ಕಕ್ಕಿಲ್ಲ ಅಂತ ಶ್ಯಾಮರಾಯ ಬಾಗಿಲವರೆಗೂ ಬಂದು ಕಳಿಸಿದ.

ಬಾಯಿ ಬಿಟ್ಟು ಬ್ಯಾಡ ಅಂದರೆ ಮುಗಿಯಿತಲ್ಲ ಅನ್ನುತ್ತೀರಿ ನೀವು. ಹುಟ್ಟಿದಾಗಿನಿಂದ ಹೂಂ ಅಂದು ಬೆಳೆದ ನಾಲಿಗೆಗೆ ಅದು ಅಷ್ಟು ಸುಲಭ ಅಲ್ಲ. ಓಣಿಯವರು ಕೂತು ಬಹಳ ಯೋಚನೆ ಮಾಡಿದರು. ನಮ್ಮ ಬಾಯೇ ನಮಗೆ ವೈರಿ, ಮೊದಲು ಅದನ್ನು ಕಟ್ಟಬೇಕು ಅಂತ ತೀರ್ಮಾನಕ್ಕೆ ಬಂದರು. ಹೇಗೆ ಕಟ್ಟುವುದು? ಎಲ್ಲರೂ ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಕೂರುವುದು. ಬಾಯಲ್ಲಿ ರಸ ತುಂಬಿದ್ದರೆ ಹೂಂ ಎಲ್ಲಿಂದ ಬರಬೇಕು? ಠರಾವು ಓದಿದ ಕೂಡಲೇ ಈರಪ್ಪ ಒಬ್ಬನೇ ಎದ್ದು ನಿಂತು ಓಣಿಯ ಪರವಾಗಿ ಬ್ಯಾಡ ಅನ್ನಬೇಕು. ಎಮ್ಮೆ ತುಳಿದದ್ದು ಅವನ ಹಾಸು, ಅವನ ಬಾಯಿಂದ ಬಂದರೇ ಸರಿ. ಎಲ್ಲರಿಗೂ ಇದು ಬಹಳ ಜಾಣತನದ ಯೋಚನೆ ಅನಿಸಿತು. ಕಾಶವ್ವನಿಗೆ ಮಾತ್ರ ನೀವು ಮನೆಯಲ್ಲೇ ಇರಿ ಅಂತ ಬನವ್ವನ ಮೂಲಕ ಹೇಳಿಸಿದರು.

ಸಭೆಯ ದಿನ ಬಂತು. ಓಣಿಗೆ ಓಣಿಯೇ ಹೊರಟಿತು. ಬನವ್ವ ದೊಡ್ಡ ಬುಟ್ಟಿಯಲ್ಲಿ ಎಲೆ, ಅಡಿಕೆ, ಸುಣ್ಣ, ತಂಬಾಕು ಹೊತ್ತುಕೊಂಡು ಬಾಗಿಲಲ್ಲೇ ನಿಂತಳು. ಒಳಗೆ ಹೋಗುವವರಿಗೆಲ್ಲ ಮಡಿಚಿ ಮಡಿಚಿ ಕೊಟ್ಟಳು. ಮದುವೆ ಮನೆಯ ಹಾಗೆ ಒಬ್ಬರನ್ನೂ ಬಿಡಲಿಲ್ಲ.

ಕಾಶವ್ವ ಮನೆಯಲ್ಲಿ ಕೂತು ರಾಟೆ ತಿರುಗಿಸಲು ನೋಡಿದಳು. ತಿರುಗಲಿಲ್ಲ. ಎದ್ದಳು, ಕೂತಳು. ಊರಲ್ಲಿ ಒಂದು ಮಾತು ನಡೆಯುತ್ತಿದೆ, ಅದರಲ್ಲಿ ತನ್ನ ಮಗನ ಅನ್ನ ಇದೆ, ಅದನ್ನು ಕೇಳದೆ ಹೇಗೆ ಇರುವುದು? ಬಾಗಿಲು ಎಳೆದುಕೊಂಡು ಹೊರಟೇಬಿಟ್ಟಳು. ಅವಳು ಬರುವಷ್ಟರಲ್ಲಿ ಬನವ್ವನ ಬುಟ್ಟಿ ಖಾಲಿಯಾಗಿತ್ತು. ಹೆಂಗಸರ ಹಿಂದೆ, ಗೋಡೆಗೆ ಆತು, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕೂತಳು.

ಗುರುಪಾದಪ್ಪ ಶುರು ಮಾಡಿದ. ಈ ಸಲ ಬೋರೆ ಗಿಡದ ಕೆಳಗೆ ಹುಲಿ ಜೊತೆಗೆ ಅದರ ಮರಿಗಳೂ ಇದ್ದವು. ಸಭೆ ಗಪ್‌ಚಿಪ್. ಎಲ್ಲರ ಕೆನ್ನೆ ಉಬ್ಬಿವೆ, ಎಲ್ಲರ ಕಣ್ಣು ಅರಳಿವೆ, ಒಬ್ಬರಿಂದಲೂ ಹೂಂ ಇಲ್ಲ. ಗುರುಪಾದಪ್ಪನ ಮುಖ ಬಾಡಿತು. ಹುಲಿ ಮರಿಗಳನ್ನು ಅಲ್ಲೇ ಬಿಟ್ಟು, ಓದಪ್ಪ ಅಂತ ಶ್ಯಾಮರಾಯನಿಗೆ ಹೇಳಿ ಕೂತುಬಿಟ್ಟ. ಶ್ಯಾಮರಾಯ ಓದಿದ. ಗಟಾರ, ಕಂದೀಲು, ಆಮೇಲೆ ಕೊಂಡವಾಡ. ಯಾರದಾದರೂ ತಕರಾರು ಇದೆಯೇ ಅಂತ ಕೇಳಿದ.

ಈರಪ್ಪ ಎದ್ದು ನಿಂತ. ಎದೆ ಸೆಟೆಸಿದ. ಬಾಯಿ ತೆರೆಯಲು ಹೋದ.

ಬಾಯಲ್ಲಿ ಎಲೆ ಅಡಿಕೆ ಇತ್ತು. ಒಬ್ಬರನ್ನೂ ಬಿಡಬಾರದು ಅಂತ ಬನವ್ವ ಗಂಡನಿಗೂ ಕೊಟ್ಟಿದ್ದಳು, ಹೆಂಡತಿ ಕೊಟ್ಟಳಲ್ಲ ಅಂತ ಅವನೂ ಹಾಕಿಕೊಂಡಿದ್ದ, ಗಂಡ ಅಂತ ಅವಳು ದೊಡ್ಡದನ್ನೇ ಕೊಟ್ಟಿದ್ದಳು. ಉಗುಳೋಣ ಅಂದರೆ ಮುಂದೆ ಅಧ್ಯಕ್ಷರು, ಪಕ್ಕದಲ್ಲಿ ಶ್ಯಾಮರಾಯನ ಬಿಳಿ ಧೋತರ. ನುಂಗೋಣ ಅಂದರೆ ತಂಬಾಕು. ಈರಪ್ಪ ಕೈ ಆಡಿಸಿದ, ಕತ್ತು ಆಡಿಸಿದ, ಕೊನೆಗೆ ತುಟಿ ಬಿಗಿಹಿಡಿದು ತನ್ನೆಲ್ಲ ಶಕ್ತಿ ಹಾಕಿ ಅಂದ, “ಉಂ! ಉಂ ಉಂ!” ಅವನಿಗೆ ಸಹಾಯ ಮಾಡಲು ಇಡೀ ಓಣಿ ಎದ್ದು, “ಉಂ! ಉಂ ಉಂ!” ಅಂತು.

ಶ್ಯಾಮರಾಯ ಲೇಖನಿ ಅದ್ದಿ ‘ಸರ್ವರೂ ಎದ್ದು ನಿಂತು ಒಪ್ಪಿಗೆ’ ಅಂತ ಬರೆಯತೊಡಗಿದ. ಗುರುಪಾದಪ್ಪನಿಗೆ ಹೋದ ಜೀವ ಬಂದಂತಾಯಿತು. ಎದ್ದು ನಿಂತು, ಹಾಗಾದರೆ ಕೊಂಡವಾಡವನ್ನು ಸಂತೆ ಪೇಟೆಯಿಂದ ಎಬ್ಬಿಸಿ ಮಗ್ಗದ ಓಣಿಯ ಕೊನೆಗೆ ತರಲಾಗುವುದು ಅಂತ ಗಂಭೀರವಾಗಿ ಹೇಳಿ, ನಿಲ್ಲಿಸಿದ.

ಗೋಡೆಯ ಹತ್ತಿರ ಕಾಶವ್ವ ಒದ್ದಾಡುತ್ತಿದ್ದಳು. ಹೂಂ ಅಂದರೆ ಒಪ್ಪಿಗೆ. ಊಹೂಂ ಅಂದರೂ ಒಪ್ಪಿಗೆ. ಬಾಯಿ ಮುಚ್ಚಿದರೆ ಈ ಗತಿ. ಮಗ ಅಲ್ಲಿ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಾನೆ. ಅವಳಿಗೆ ಏನು ಮಾಡಬೇಕು ಅಂತ ತೋಚಲಿಲ್ಲ. ಅವಳೇನೋ ಉಪಾಯ ಹೂಡಿದಳು ಅಂತ ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದದ್ದು ಇಷ್ಟೇ. ಜೀವಮಾನವಿಡೀ ಕಥೆ ಕೇಳಿದ ಹೆಂಗಸು ಅವಳು. ಹೇಳುವವನು ಇಂಥ ಜಾಗದಲ್ಲಿ ಕಥೆ ನಿಲ್ಲಿಸಿದರೆ ಅವಳಿಗೆ ತಡೆಯುವುದೇ ಇಲ್ಲ. ಆ ತಡೆಯಲಾರದ ಬಾಯಿಂದ ತಾನಾಗಿ ಹೊರಟಿತು:

“ಮುಂದ?”

ಸಭೆ ತಿರುಗಿ ನೋಡಿತು. ಗುರುಪಾದಪ್ಪನೂ ನೋಡಿದ.

“ಮುಂದ ಏನಬೇ ಯವ್ವಾ? ಮುಗೀತು.”

“ದನಾ ಬಂದ್ವು ಅಂದ್ರಿ. ಬಂದು ಸುಮ್ಮನ ನಿಂತಾವೇನ್ರಿ ಯಪ್ಪಾ? ಮುಂದ?”

ಗುರುಪಾದಪ್ಪ ಕೂರುವವನಿದ್ದ, ಕೂರಲಿಲ್ಲ. ಅವನ ಬದುಕಿನಲ್ಲಿ ಹೂಂ ಅಂದವರು ಈಗ ಬಂದಿದ್ದರು, ಮುಂದ ಅಂದವರು ಯಾರೂ ಇರಲಿಲ್ಲ. ದನ ಬರುತ್ತವೆ, ಗೋಡೆಯೊಳಗೆ ಇರುತ್ತವೆ ಅಂದ. ಕಾಶವ್ವ ಗೋಡೆ ಬಿಟ್ಟು ಹೆಂಗಸರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. ಮುಂದ? ಸಂತೆ ಪೇಟೆಯ ಜಾಗ ಖಾಲಿಯಾಗುತ್ತದೆ ಅಂದ. ಮುಂದ? ಖಾಲಿ ಜಾಗ ಸುಮ್ಮನೆ ಬಿಡಲು ಬರುತ್ತದೆಯೇ, ಅಲ್ಲಿ ಒಂದು ಅಂಗಡಿ ಏಳುತ್ತದೆ ಅಂದ. ಕಾಶವ್ವ ಜಮಖಾನದ ಮೇಲೆ ತನ್ನ ಹಳೆಯ ಜಾಗದಲ್ಲಿ ಕೂತು, ಮುಖ ಮೇಲೆತ್ತಿ, ಕಣ್ಣು ಅರಳಿಸಿ ಕೇಳಿದಳಂತೆ, “ಯಾರದ್ರೀ? ಮುಂದ?”

ಅವಳು ಹಾಗೆ ಕೂತು ಕೇಳಿದ ಮೇಲೆ ಹೇಳದೆ ಇರುವ ಗಂಡಸು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಗುರುಪಾದಪ್ಪ ಎಲ್ಲ ಹೇಳಿದ. ಅಂಗಡಿ ತನ್ನ ಹೆಂಡತಿಯ ತಮ್ಮನದು ಅಂದ. ಆ ತಮ್ಮ ಅಕ್ಕನ ಮದುವೆಯ ಬೀಗರೂಟಕ್ಕೆ ಬಂದವನು ಇನ್ನೂ ಎದ್ದು ಹೋಗಿಲ್ಲ ಅಂದ. ದೊಡ್ಡ ಮಂಚ ಅವನದು, ಹಾಲಿನ ಕೆನೆ ಅವನದು, ತಾನು ಸಾವಕಾರನಾಗಿಯೂ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗುತ್ತೇನೆ ಅಂದ. ಒಂದು ಅಂಗಡಿ ಹಾಕಿಕೊಟ್ಟರೆ ಅಲ್ಲೇ ಮಾಳಿಗೆಯ ಮೇಲೆ ಇರುತ್ತಾನೆ, ಮನೆ ಬಿಟ್ಟು ತೊಲಗುತ್ತಾನೆ, ಅದಕ್ಕೇ ಈ ಕೊಂಡವಾಡ ಎಬ್ಬಿಸುವ ಖಟಪಟಿ ಎಲ್ಲ ಅಂದ. ಸಭೆಯಲ್ಲಿದ್ದ ಗಂಡಸರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅರ್ಧ ಜನಕ್ಕೆ ಹೆಂಡತಿಯ ತಮ್ಮಂದಿರಿದ್ದರು. ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡೇ ಮೂಗಿನಿಂದ ನಿಟ್ಟುಸಿರು ಬಿಟ್ಟರಂತೆ.

“ಪಾಪ. ಏನಂಗಡಿರೀ? ಮುಂದ?”

ಬಟ್ಟೆ ಅಂಗಡಿ ಅಂದ ಗುರುಪಾದಪ್ಪ. ಈಗ ಅವನಿಗೆ ರಂಗೇರಿತ್ತು. ಸುತ್ತಲಿನ ಊರಿನಲ್ಲೆಲ್ಲ ಹೆಸರಾದ ನಮ್ಮ ಮಗ್ಗದ ಓಣಿಯ ಸೀರೆಗಳನ್ನೇ ತುಂಬಿಸುತ್ತೇನೆ, ಮದುವೆಯ ಕಾಲದಲ್ಲಿ ಅವನಿಗೆ ಉಣ್ಣಲೂ ಬಿಡುವಿರುವುದಿಲ್ಲ ಅಂದ.

“ಮುಂದ?”

ಮುಂದೆ ಸೀರೆ ಬರುತ್ತವೆ ಅಂದ. ಓಣಿಯಲ್ಲಿ ಹಾಸು ಹೂಡುತ್ತಾರೆ, ಅಂದ. ಹೂಡಿದಾಗ… ಅಂದ. ಬಿಡಾಡಿ ದನ ಕೊಂಡವಾಡಕ್ಕೆ… ಅಂದ. ಅವನ ದನಿ ಇಳಿಯಿತು. ಎದುರಿಗೆ ಈರಪ್ಪ ಇನ್ನೂ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದ. ಕೆಂಪು ನೂಲು ಸುತ್ತಿಕೊಂಡು ಊರು ಸುತ್ತಿದ ಎಮ್ಮೆಯನ್ನು ಗುರುಪಾದಪ್ಪನೂ ನೋಡಿದ್ದ, ನೋಡಿ ನಕ್ಕಿದ್ದ.

ಕಾಶವ್ವ ಬಹಳ ಮೆತ್ತಗೆ, ತೊಟ್ಟಿಲ ಕೂಸಿಗೆ ಕೇಳುವ ಹಾಗೆ ಕೇಳಿದಳು, “ಮುಂದ, ಯಪ್ಪಾ?”

“ದನಾ ಹಾಸು ತುಳೀತಾವು,” ಅಂದ ಗುರುಪಾದಪ್ಪ. “ಸೀರಿ ಹುಟ್ಟಂಗಿಲ್ಲ. ಅಂಗಡಿ ಬರಿದಾಗ್ತದ. ಬಾಗಲಾ ಹಾಕ್ತಾನ. ಬಾಗಲಾ ಹಾಕಿ…” ಅವನ ಹಣೆಯಲ್ಲಿ ಬೆವರು ಕಂಡಿತು. “ಹಾಸಿಗಿ ಸುತ್ಕೊಂಡು ನಮ್ಮನಿಗೇ ಬರ್ತಾನ!”

“ಮುಂದ?”

“ಊಹೂಂ!” ಅಂತ ಚೀರಿದನಂತೆ ಗುರುಪಾದಪ್ಪ. “ಊಹೂಂ, ಊಹೂಂ!”

ಶ್ಯಾಮರಾಯ ತಲೆ ತಗ್ಗಿಸಿ ಬರೆಯುತ್ತಲೇ ಇದ್ದ. ಏನು ಬರೆಯುತ್ತಿದ್ದೀಯ ಅಂತ ಗುರುಪಾದಪ್ಪ ಕೇಳಿದ. “ಅಧ್ಯಕ್ಷರು ಗಂಟಲಾ ಸರಿ ಮಾಡ್ಕೊಂಡು ಒಪ್ಪಿಗಿ ಕೊಟ್ರು ಅಂತ ಬರದೇನ್ರಿ,” ಅಂದ ಶ್ಯಾಮರಾಯ, “ನೇಮಾ ನೀವ ಮಾಡೀರಿ.” ಗುರುಪಾದಪ್ಪ ತಲೆ ತಲೆ ಚಚ್ಚಿಕೊಂಡ. ತಾನು ಮಾಡಿದ ನೇಮದಿಂದ ಹೊರಗೆ ಬರಲು ಅವನಿಗೇ ದಾರಿ ಉಳಿದಿರಲಿಲ್ಲ. ಕೊನೆಗೆ ಕುರ್ಚಿಯ ಮೇಲೆ ಹತ್ತಿ ನಿಂತು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದ, “ಮಗ್ಗದ ಓಣಿಗೆ ಕೊಂಡವಾಡ ಬ್ಯಾಡ. ಇದ್ದಲ್ಲೇ ಇರಲಿ. ಹಿಂದಿನ ಠರಾವು ರದ್ದು. ಎಲ್ಲಾರೂ ಏನಂತೀರಿ?”

ಆಗ ಕಾಶವ್ವ ಸೆರಗು ಹಿಂದೆ ಸರಿಸಿ, ಆ ಬೊಚ್ಚು ಬಾಯಿ ತೆರೆದು, ಎದೆಯಾಳದಿಂದ ಒಂದು ಹೂಂ ಅಂದಳು. ಅಷ್ಟು ದಿನ ಕಟ್ಟಿಟ್ಟಿದ್ದದ್ದು ಒಟ್ಟಿಗೆ ಬಂತು. ಪೇಟೆಯಲ್ಲಿ ಕಟ್ಟಿದ ಎತ್ತುಗಳು ಎದ್ದು ನಿಂತವಂತೆ. ಅದರ ಬೆನ್ನಿಗೆ ಇಡೀ ಮಗ್ಗದ ಓಣಿ ತಡೆಯಲಾರದೆ ಬಾಯಿ ತೆರೆದು ಹೂಂ ಅಂತು. ಬಾಯಲ್ಲಿದ್ದದ್ದೆಲ್ಲ ಹಾರಿತು. ಶ್ಯಾಮರಾಯನ ಬಿಳಿ ಧೋತರ, ಗುರುಪಾದಪ್ಪನ ಬಿಳಿ ಪೇಟ, ಮುನ್ಸಿಪಾಲ್ಟಿಯ ಸುಣ್ಣದ ಗೋಡೆ, ಯಾವುದೂ ಬಿಳಿ ಉಳಿಯಲಿಲ್ಲ. ಗೋಡೆಯನ್ನು ಆಮೇಲೆ ಎಷ್ಟು ಸಲ ಬಳಿದರೂ ಮಳೆಗಾಲದಲ್ಲಿ ಕೆಂಪು ಮೂಡುತ್ತದೆ ಅಂತಾರೆ. ಶ್ಯಾಮರಾಯ ಮುಖ ಒರೆಸಿಕೊಂಡು ‘ಸರ್ವರ ಒಪ್ಪಿಗೆ’ ಅಂತ ಬರೆದ.

ಮನೆಗೆ ಬರುವ ದಾರಿಯಲ್ಲಿ ಈರಪ್ಪ ಅವ್ವನ ಪಕ್ಕಕ್ಕೆ ಬಂದು ನಡೆದ. ಕೆಂಪು ನೂಲು ಅರ್ಧ ಉಳಿದಿದೆ, ಸೀರೆ ಆಗದಿದ್ದರೂ ಕುಪ್ಪಸದ ಬಟ್ಟೆ ಆದೀತು ಅಂತ ಶುರು ಮಾಡಿ, ಅವತ್ತು ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಮನೆ ಮುಟ್ಟುವವರೆಗೆ ಹೇಳಿದ. ಕಾಶವ್ವ ಹೂಂ ಅನ್ನುತ್ತ ನಡೆದಳು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ, ಅಷ್ಟು ನೀರು ತುಂಬಿತ್ತು.

ಗುರುಪಾದಪ್ಪನ ಹೆಂಡತಿಯ ತಮ್ಮ ಏನಾದ ಅಂತ ಕೇಳಬೇಡಿ. ಅವನು ಅಲ್ಲೇ ಇದ್ದ. ಆದರೆ ಆಮೇಲೆ ಗುರುಪಾದಪ್ಪ ಆಗಾಗ ಮಗ್ಗದ ಓಣಿಗೆ ಬಂದು ಕಾಶವ್ವನ ಕಟ್ಟೆಯ ಮೇಲೆ ಕೂತು ಅವನ ಬಗ್ಗೆ ಹೇಳಿ ಹಗುರಾಗಿ ಹೋಗುತ್ತಿದ್ದನಂತೆ.

ಎಲ್ಲರಿಗೂ ಬರುವ ದಿನ ಕಾಶವ್ವನಿಗೂ ಬಂತು. ಅವಳು ಹೋದ ಮೇಲೆ ಮುನ್ಸಿಪಾಲ್ಟಿಯ ಸಭೆ ಸೇರಿತು. ಮುದುಕನಾಗಿದ್ದ ಗುರುಪಾದಪ್ಪ ಎದ್ದು ನಿಂತ. ಹುಲಿ ಇಲ್ಲ, ಬೋರೆ ಗಿಡ ಇಲ್ಲ. ಮಗ್ಗದ ಓಣಿಯ ಕಾಶವ್ವ ತೀರಿಕೊಂಡಳು ಅಂದ. ಅಷ್ಟು ಅಂದು ನಿಲ್ಲಿಸಿದ. ಆಮೇಲೆ ಏನು ಹೇಳಬೇಕು ಅಂತ ಅವನಿಗೆ ತಿಳಿಯಲಿಲ್ಲ, ಕಾರಕೂನನಿಗೂ ತಿಳಿಯಲಿಲ್ಲ.

ಆಗ ಹೆಂಗಸರ ಕಡೆಯಿಂದ ಬನವ್ವ, ಅತ್ತು ಅತ್ತು ಗಂಟಲು ಬಿದ್ದುಹೋದ ಬನವ್ವ, ಕೇಳಿದಳು, “ಮುಂದ?”

ಗುರುಪಾದಪ್ಪ ಹೇಳತೊಡಗಿದ. ಅವನಾದ ಮೇಲೆ ಈರಪ್ಪ ಹೇಳಿದ. ಈರಪ್ಪನಾದ ಮೇಲೆ ಡಂಗುರದವನು ಹೇಳಿದ. ಅವತ್ತು ಗಟಾರದ ಮಾತು ಬರಲೇ ಇಲ್ಲ.

ಈಗಲೂ ಆ ಊರಿನಲ್ಲಿ ಮುನ್ಸಿಪಾಲ್ಟಿ ಸಭೆ ಶುರುವಾಗುವುದು ಹಾಗೆಯೇ. ಹಿಂದಿನ ಸಭೆ ಆದಮೇಲೆ ಊರಿನಲ್ಲಿ ಯಾರು ತೀರಿಕೊಂಡರೋ ಅವರ ಹೆಸರನ್ನು ಕಾರಕೂನ ಮೊದಲು ಓದಿ, ನಿಲ್ಲಿಸುತ್ತಾನೆ. ಹೋದವರು ಸಾವಕಾರರಿರಲಿ, ಕಸ ಗುಡಿಸುವವರಿರಲಿ, ಮಗ್ಗದ ಓಣಿಯ ಒಬ್ಬ ಹೆಂಗಸು ಮುಂದ ಅಂತ ಕೇಳುತ್ತಾಳೆ. ಯಾರಾದರೊಬ್ಬರು ಎದ್ದು ಹೋದವರ ಬಗ್ಗೆ ತಮಗೆ ತಿಳಿದದ್ದೊಂದನ್ನು ಹೇಳಲೇಬೇಕು. ಹೇಳುವವರೆಗೆ ಯಾವ ಠರಾವೂ ಮುಂದಕ್ಕೆ ಹೋಗುವುದಿಲ್ಲ. ಹೊಸದಾಗಿ ಬಂದ ಸಾಹೇಬರೊಬ್ಬರು ಹೊತ್ತಾಗುತ್ತದೆ, ಇದೆಲ್ಲ ಯಾವ ಕಾಯಿದೆಯಲ್ಲಿದೆ ಅಂತ ಗದರಿದ್ದರಂತೆ. ಸಭೆ ಅವರನ್ನೇ ನೋಡುತ್ತ ಕೂತಿತಂತೆ. ಅವತ್ತು ಓದಿದ ಹೆಸರು ಯಾರೋ ಎಮ್ಮೆ ಕಾಯುವ ಮುದುಕಿಯದು, ಸಾಹೇಬರು ಅವಳನ್ನು ಕಂಡವರೇ ಅಲ್ಲ. ಆದರೂ ಕೊನೆಗೆ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಎದ್ದು ನಿಂತು, ಅವಳ ಹೆಸರು ಇನ್ನೊಂದು ಸಲ ಹೇಳಿ, ನನಗೆ ಗೊತ್ತಿಲ್ಲ, ನೀವು ಹೇಳಿ ಅಂದರಂತೆ.